ಹೌಗ್‌ಲಿ ಕಣಜದ ಉತ್ತರ ಗೋಡೆ

ಮಾರ್ಚ್ 4, ಮಂಗಳವಾರ

…ಅಲ್ಲ, ಹೀಗಲ್ಲ. ಕ್ಷಮೆ ಇರಲಿ, ಮತ್ತೆ ಮೊದಲಿಂದ ಶುರು ಮಾಡುತ್ತೇನೆ. ಇದು ನಾಲ್ಕನೇ ಸಲ. ಯಾರ ಹತ್ತಿರ ಕ್ಷಮೆ ಕೇಳುತ್ತಿದ್ದೇನೆ ಅಂತ ನನಗೇ ಗೊತ್ತಿಲ್ಲ. ಕೋಣೆಯಲ್ಲಿ ನಾನು, ಫೋನು, ಕಿಟಕಿಯಾಚೆ ಹಿಮ ಗೋರುವ ಯಂತ್ರ, ಅಷ್ಟೇ.

ಶನಿವಾರ ನಮ್ಮ ಹಳೆ ಕಟ್ಟಡಗಳ ದಾಖಲೆ ಭಂಡಾರದ ಮೆಟ್ಟಿಲ ಮೇಲೆ ಮಂಜುಗಡ್ಡೆಯಲ್ಲಿ ಜಾರಿದೆ. ಕೈಯಲ್ಲಿದ್ದ ಕಾಫಿ ಉಳಿಯಿತು, ಬಲ ಮಣಿಕಟ್ಟು ಮುರಿಯಿತು. ಏಳು ವಾರ ಪ್ಲಾಸ್ಟರ್. ನಮ್ಮ ನಿರ್ದೇಶಕಿ ಟೋರುನ್ ನೋಡಿ ಅಯ್ಯೋ ಪಾಪ ಅನ್ನಲಿಲ್ಲ. "ಬರೆಯೋಕಾಗ್ದಿದ್ರೆ ಮಾತಾಡು ಹಾಲ್ವಾರ್. ಅದೊಂದನ್ನ ನಿಂಗೆ ಯಾರೂ ಹೇಳ್ಕೊಡಬೇಕಾಗಿಲ್ಲ" ಅಂದಳು. ಹಾಗಾಗಿ ವರದಿಯನ್ನು ಫೋನಿಗೆ ಹೇಳುತ್ತಿದ್ದೇನೆ. ನಡುವೆ ನನ್ನ ಹರಟೆಯೂ ಸೇರುತ್ತದೆ. ವರದಿಯ ಭಾಗವನ್ನು ಆಮೇಲೆ ಬೇರೆ ಮಾಡಿಕೊಂಡರಾಯಿತು. ಉಳಿದದ್ದು ನನಗೆ.

ವಿಷಯ ಇಷ್ಟು. ಹೌಗ್‌ಲಿ ತೋಟದಮನೆಯಲ್ಲಿ ಒಂದು ಕಣಜವಿತ್ತು. ಇಡೀ ಇಡೀ ಪೈನ್ ದಿಮ್ಮಿಗಳದ್ದು, ಮುನ್ನೂರ ಎಪ್ಪತ್ತು ವರ್ಷ ಹಳೆಯದು. ಹೋದ ಆಗಸ್ಟ್‌ನಲ್ಲಿ ಸಿಡಿಲು ಬಡಿದು ಒಂದೇ ಗಂಟೆಯಲ್ಲಿ ಉರಿದುಹೋಯಿತು. ಆದರೆ ನಮ್ಮಲ್ಲಿ ಅದರ ಹಾಳೆಯಿದೆ. ತೊಂಬತ್ತೇಳರ ಬೇಸಿಗೆಯಲ್ಲಿ, ನನಗೆ ಅಳತೆ ಕಲಿಸಿದ ಸಿಗ್ವಾಟ್ ಮೇಷ್ಟ್ರು ದಿಮ್ಮಿ ದಿಮ್ಮಿಯನ್ನೂ ಅಳೆದು ಬರೆದ ನಕ್ಷೆ. ಕೆಳಗಿನ ಮೂಲೆಯಲ್ಲಿ, ಟೇಪು ಹಿಡಿದವನ ಜಾಗದಲ್ಲಿ, ನನ್ನ ಹೆಸರಿನ ಎರಡು ಅಕ್ಷರ. ಆಗ ನನಗೆ ಇಪ್ಪತ್ತೆರಡು. ಆ ಹಾಳೆ ನೋಡಿಕೊಂಡೇ ಗುನ್ವೋರ್ ಎಂಬ ಬಡಗಿ ಈಗ ಕಣಜವನ್ನು ಮತ್ತೆ ಕಟ್ಟುತ್ತಿದ್ದಾಳೆ. ಮೂರು ಗೋಡೆ ಎದ್ದಿವೆ. ಉತ್ತರದ ಗೋಡೆ ಬಾಕಿ.

ಆ ಗೋಡೆ ಹಾಳೆಯಲ್ಲಿ ದಕ್ಷಿಣದ ಗೋಡೆಯ ಹಾಗೇ ಇದೆ. ಇಡಿಯಾಗಿ ದಿಮ್ಮಿ, ನಡುವೆ ಒಂದು ಗಾಳಿಕಿಂಡಿ. ಆದರೆ ಉತ್ತರದ ತಳದ ದಿಮ್ಮಿ ದಿಬ್ಬದ ಒದ್ದೆ ಮಣ್ಣಲ್ಲಿ ಹೂತಿದ್ದರಿಂದ ಪೂರ್ತಿ ಸುಟ್ಟಿಲ್ಲ. ಗುನ್ವೋರ್ ಅದನ್ನು ಅಗೆದು ತೆಗೆದಿದ್ದಾಳೆ. ಅದರಲ್ಲಿ ಎರಡು ಗುಣಿಗಳಿವೆ, ಬಾಗಿಲಿನ ಕಂಬ ಕೂರಿಸುವಂಥವು. ಹಾಳೆಯಲ್ಲಿ ಬಾಗಿಲಿಲ್ಲ. ಯಾವುದು ಸರಿ ಅಂತ ನಾನು ಹೇಳಬೇಕು. ಅವಳ ಹತ್ತಿರ ಆ ದಪ್ಪದ ದಿಮ್ಮಿ ಇರುವುದು ಹನ್ನೊಂದೇ. ಕೊಯ್ದ ಮೇಲೆ ಕೊಯ್ದಂತೆಯೇ.

ವರದಿ. ಉತ್ತರದ ಗೋಡೆಯನ್ನು ನಾವು ಜುಲೈ ಎರಡನೇ ವಾರ ಅಳೆದೆವು. ಆ ವಾರ ಹವೆ… ಅಲ್ಲ. ಜುಲೈ ಎರಡನೇ ವಾರ ನಾವು ಹೌಗ್‌ಲಿಯಲ್ಲಿದ್ದೆವು. ತೋಟದಮನೆಯ ಒಡತಿ ಆಸ್ನೆ ದಿನಾ ಸಂಜೆ ಸ್ಟ್ರಾಬೆರಿ ಕೊಡುತ್ತಿದ್ದಳು, ಮೇಲೆ ಕೆನೆ. ಮೇಷ್ಟ್ರ ಹಲ್ಲು ನೋಯುತ್ತಿತ್ತು.

ನಾಳೆ ಮುಂದುವರಿಸುತ್ತೇನೆ.

ಮಾರ್ಚ್ 7, ಶುಕ್ರವಾರ

ಹೌಗ್‌ಲಿಗೆ ಬಸ್ಸಿನಲ್ಲಿ ಹೋಗಿ ಬಂದೆ. ಗುನ್ವೋರ್ ಕೊಡಲಿ ಮಸೆಯುತ್ತಿದ್ದಳು. ನಲವತ್ತರ ಹೆಂಗಸು, ಕಿವಿಯ ಹಿಂದೆ ಪೆನ್ಸಿಲ್, ಟೋಪಿಯ ತುಂಬಾ ಮರದ ಹೊಟ್ಟು.

"ಬಾ, ನಿನ್ನ ಹಾಳೆ ಹೇಳೋ ಸುಳ್ಳು ತೋರಿಸ್ತೀನಿ" ಅಂದಳು.

"ಹಾಳೆ ಸುಳ್ಳು ಹೇಳಲ್ಲ ಗುನ್ವೋರ್. ಅದು ಸಿಗ್ವಾಟ್ ಅವರ ಹಾಳೆ."

"ಗೊತ್ತು ಮಾರಾಯ. ಮೂರು ಗೋಡೆಗೆ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಆಗ್ಲಿಲ್ಲ. ಮುದುಕಪ್ಪನಿಗೆ ಮನಸ್ಸಲ್ಲೇ ಕೈ ಮುಗಿದಿದೀನಿ. ಅದಕ್ಕೇ ಕೇಳ್ತಿರೋದು, ನಾಲ್ಕನೇ ಗೋಡೆಗೆ ಏನಾಯ್ತು?"

ನಾನು ದಿಮ್ಮಿಯ ಸುತ್ತ ಎರಡು ಸುತ್ತು ಹಾಕಿದೆ. ಬಾಗಿಲಿನ ಗುಣಿಗಳೇ, ಅನುಮಾನವಿಲ್ಲ. ಆಮೇಲೆ ಹೊಳೆಯಿತು. ನಮ್ಮ ಕಣಿವೆಯಲ್ಲಿ ಹಳೆ ಮನೆ ಬಿಚ್ಚಿ ಹೊಸದಕ್ಕೆ ದಿಮ್ಮಿ ಹಾಕಿಕೊಳ್ಳುವುದು ಮಾಮೂಲಿ. ಈ ದಿಮ್ಮಿಯೂ ಬೇರೆ ಯಾವುದೋ ಮನೆಯಿಂದ ಬಂದಿರಬಹುದು, ಗುಣಿಗಳು ಆ ಮನೆಯವು ಇರಬಹುದು. ಹಾಗಂದೆ.

ಅವಳು ಮಸೆಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. "ಇರಬಹುದು. ನಿನ್ನ ಕಣ್ಣಾರೆ ಆ ಗೋಡೆ ನೋಡಿದ್ದೀಯಲ್ಲ? ಬಾಗಿಲು ಇರ್ಲಿಲ್ವಾ?"

"ಇಪ್ಪತ್ತೆಂಟು ವರ್ಷ ಆಯ್ತು ಗುನ್ವೋರ್."

"ಬಾಗಿಲು ಏನು ಸೂಜಿನಾ ಮರೆಯೋಕೆ?"

ಬಸ್ಸಿಗೆ ಹೊತ್ತಾಯಿತು ಅಂತ ಹೊರಟೆ. ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆಯಿತ್ತು.

ಮಾರ್ಚ್ 13, ಗುರುವಾರ

ವರದಿ ಕೊಟ್ಟೆ. ತಳದ ದಿಮ್ಮಿ ಬೇರೆ ಕಟ್ಟಡದ್ದು, ನಕ್ಷೆಯಂತೆ ಕಟ್ಟಬಹುದು. ಸಭೆಯಲ್ಲಿ ಎಲ್ಲರಿಗೂ ಸಮಾಧಾನ. ಟೋರುನ್ ದಾಲ್ಚಿನ್ನಿ ಬನ್ನು ತರಿಸಿದ್ದಳು. ಎಡಗೈಯಲ್ಲಿ ತಿಂದೆ, ಸಕ್ಕರೆ ಅಂಗಿಯ ಮೇಲೆಲ್ಲ.

ಗುನ್ವೋರ್ ಮಾತ್ರ, "ಹಿಮ ಕರಗೋ ತನಕ ಕೊಯ್ಯಲ್ಲ" ಅಂದಳು, ಅಷ್ಟೇ.

ಮಾರ್ಚ್ 26, ಬುಧವಾರ

ಹಿಮ ಕರಗಿತು.

ಬೆಳಿಗ್ಗೆ ಎಂಟಕ್ಕೆ ಗುನ್ವೋರ್ ಫೋನು ಮಾಡಿದಳು. "ಹಾಲ್ವಾರ್, ದಿಮ್ಮಿ ಬೇರೆ ಮನೆಯಿಂದ ಬಂತು ಅಂದ್ಯಲ್ಲ. ಕಲ್ಲೂ ಬಂತಾ?"

"ಯಾವ ಕಲ್ಲು?"

"ಎರಡು ಗುಣಿಗಳ ನಡುವೆ, ಹೊರಗಡೆ, ದಿಬ್ಬದ ಮಣ್ಣು ಜಾರಿದ್ದ ಕಡೆ. ಚಪ್ಪಡಿ ಕಲ್ಲು. ನಡುವೆ ಸವೆದು ಬಟ್ಟಲಾಗಿದೆ. ಮಳೆನೀರು ನಿಂತಿದೆ ಅದ್ರಲ್ಲಿ. ಮುನ್ನೂರು ವರ್ಷ ಹೆಜ್ಜೆ ಇಡದೆ ಕಲ್ಲು ಹಾಗೆ ಸವೆಯಲ್ಲ."

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ.

"ಇದ್ದೀಯಾ?"

"ಇದ್ದೀನಿ."

"ಬಾಗಿಲಿತ್ತು ಕಣೋ. ಯಾವತ್ತೋ ಮುಚ್ಚಿದಾರೆ, ಆದ್ರೆ ಮುಚ್ಚಿದ ಗುರುತು ಗೋಡೆ ಮೇಲೆ ಇದ್ದೇ ಇರುತ್ತೆ. ಕುರುಡನಿಗೂ ಕೈಗೆ ಸಿಗುತ್ತೆ. ನಿಮ್ಮ ಮುದುಕಪ್ಪ ಅದನ್ನ ಹೇಗೆ ಬಿಟ್ರು?"

ಅವಳು ಫೋಟೋ ಕಳಿಸಿದಳು. ಕಲ್ಲಿನ ಬಟ್ಟಲಿನ ನೀರಿನಲ್ಲಿ ಅವಳ ಟೋಪಿಯ ನೆರಳು ಕಾಣುತ್ತದೆ. ಇವತ್ತೆಲ್ಲ ಎಷ್ಟು ಸಲ ನೋಡಿದೆನೋ.

ಮಾರ್ಚ್ 28, ಶುಕ್ರವಾರ

ನಿನ್ನೆ ಟೋರುನ್ ಕರೆದಿದ್ದಳು. ಬಾಗಿಲು ಹಾಕಿಕೊಂಡಳು, ಅವಳು ಹಾಗೆಲ್ಲ ಮಾಡುವವಳಲ್ಲ.

"ತೊಂಬತ್ತೈದರಲ್ಲಿ ಸಿಗ್ವಾಟ್‌ಗೆ ಕಣ್ಣಲ್ಲಿ ಪೊರೆ ಶುರುವಾಗಿತ್ತಂತೆ, ಅವರ ಮಗಳೇ ಹೇಳಿದ್ದು. ಶಸ್ತ್ರಚಿಕಿತ್ಸೆ ಆಗಿದ್ದು ತೊಂಬತ್ತೊಂಬತ್ತರಲ್ಲಿ. ಮಧ್ಯದ ನೂರ ಹದಿನೆಂಟು ಹಾಳೆಗೆ ಹಳದಿ ಚೀಟಿ ಹಾಕ್ಲೇಬೇಕು. ನಂಗೂ ಇಷ್ಟ ಇಲ್ಲ."

ಹಳದಿ ಚೀಟಿ ಅಂದರೆ "ಈ ಅಳತೆಯನ್ನು ನಂಬಬೇಡಿ" ಅಂತ. ಬೇರೆಯವರಿಗೆ ಅದು ಒಂದು ಕಾಗದದ ತುಂಡು. ಮೇಷ್ಟ್ರಿಗೆ ಅದು… ಏನೆಂದು ಹೇಳಲಿ. ತಾವು ನೋಡದ್ದಕ್ಕೆ, ಮುಟ್ಟದ್ದಕ್ಕೆ ಅವರು ಜೀವಮಾನದಲ್ಲಿ ತುಂಬುಗೆರೆ ಎಳೆದವರಲ್ಲ. ಕಂಡದ್ದಕ್ಕೆ ಗೆರೆ, ಕಾಣದ್ದಕ್ಕೆ ಚುಕ್ಕೆ, ಗೊತ್ತಿಲ್ಲದ್ದಕ್ಕೆ ಖಾಲಿ. ಮೊದಲ ದಿನವೇ ನನಗೆ ಹೇಳಿಕೊಟ್ಟ ಪಾಠ ಅದು.

ಬೇರೆಯವರ ಬಾಯಿಂದ ಕೇಳುವುದಕ್ಕಿಂತ ನಾನೇ ಹೇಳೋಣ ಅಂತ ಇವತ್ತು ಅವರಿರುವ ಆರೈಕೆ ಮನೆಗೆ ಹೋದೆ. ಎಂಬತ್ತನಾಲ್ಕು ವರ್ಷ. ಕಿಟಕಿಯ ಹತ್ತಿರ ಕೂತು ಎದುರಿನ ಚರ್ಚಿನ ಗೋಪುರ ಎಷ್ಟು ವಾಲಿದೆ ಅಂತ ಹೆಬ್ಬೆರಳು ಎತ್ತಿ ಅಂದಾಜು ಮಾಡುತ್ತಿದ್ದರು.

"ಬಾರೋ ಹುಡುಗಾ. ಕೈಗೇನಾಯ್ತು? ಟೇಪು ಹಿಡಿಯೋಕೆ ಹೋಗಿ ಮುರ್ಕೊಂಡ್ಯಾ?"

ಹೇಳಿದೆ. ಸಿಡಿಲು, ದಿಮ್ಮಿ, ಕಲ್ಲು, ಬಾಗಿಲು. ಅವರು ಕೊನೆಗೆ ಕೇಳಿದರು: "ಬಾಗಿಲು ಬಿಟ್ಟುಬಿಟ್ಟೆನಾ? ನಾನು?"

ಆಗ ನಾನು ಬಾಯಿ ತೆರೆಯಬೇಕಿತ್ತು. ತೆರೆದೆ ಕೂಡ. "ಕಾಫಿ ತರಲಾ ಮೇಷ್ಟ್ರೇ" ಅನ್ನುವ ಮಾತು ಬಂತು.

"ಬೇಡ. ನನ್ನ ಅಳತೆ ಪುಸ್ತಕದಲ್ಲೂ ಅಂಕಿ ನನ್ನ ಕೈಬರಹದಲ್ಲೇ ಇದೆಯಾ?"

"ಇದೆ."

"ಹಾಗಾದ್ರೆ ನಾನೇ." ಕೈಯನ್ನು ಮಡಿಲಲ್ಲಿ ಮಗುಚಿ ನೋಡಿಕೊಂಡರು. "ಆಗ ಕಣ್ಣು ಮಂಜಾಗಿತ್ತಪ್ಪ. ಯಾರಿಗೂ ಹೇಳಿರ್ಲಿಲ್ಲ. ಕೆಲ್ಸ ಬಿಡಿಸ್ತಾರೆ ಅಂತ ಹೆದರಿಕೆ. ನಿಂಗಾದ್ರೂ ಹೇಳ್ಬೇಕಿತ್ತು. ನಿನ್ನ ಹೆಸರೂ ಇದೆಯಲ್ಲ ಆ ಹಾಳೆ ಮೇಲೆ. ತಪ್ಪಾಯ್ತು ಹಾಲ್ವಾರ್."

ನನ್ನ ಹತ್ತಿರ ತಪ್ಪಾಯಿತು ಅಂದರು. ನನ್ನ ಹತ್ತಿರ.

ಮಾರ್ಚ್ 29, ಶನಿವಾರ

ಇವತ್ತು ಹೇಳುವುದೇನಿಲ್ಲ.

ಏಪ್ರಿಲ್ 3, ಗುರುವಾರ

ಮೇಷ್ಟ್ರು ಆ ನೂರ ಹದಿನೆಂಟು ಹಾಳೆಗಳ ನಕಲು ತರಿಸಿಕೊಂಡಿದ್ದಾರೆ. ಮೂರು ಡಬ್ಬ. ನಾನೇ ಟ್ಯಾಕ್ಸಿಯಲ್ಲಿ ಒಯ್ದುಕೊಟ್ಟೆ. ಭೂತಗನ್ನಡಿ ಹಿಡಿದು ಒಂದೊಂದನ್ನೇ ತಪಾಸಣೆ ಮಾಡುತ್ತಾರೆ. ನರ್ಸ್ ನನ್ನನ್ನು ಪಕ್ಕಕ್ಕೆ ಕರೆದು ಬೈದಳು: "ಇದನ್ನೆಲ್ಲ ಯಾಕೆ ತಂದ್ಕೊಟ್ರಿ? ಊಟದ ಮನೆಗೇ ಬರ್ತಿಲ್ಲ. ಮೊನ್ನೆ ಮೀನಿನ ಸಾರನ್ನ ಹಾಗೇ ಬಿಟ್ಟಿದ್ರು. ಅವರಿಗೆ ಮೀನಿನ ಸಾರು ಅಂದ್ರೆ ಪ್ರಾಣ."

ಒಳಗೆ ಹೋದರೆ ಅವರು ಒಂದು ಗಿರಣಿಯ ಹಾಳೆ ತೋರಿಸಿದರು. "ನೋಡು, ಇಲ್ಲೂ ತಪ್ಪಿದೆ. ಈ ಮೂಲೆ ಮೂರು ಸೆಂಟಿಮೀಟರ್ ಆಚೆ ಹೋಗಿದೆ."

ತಪ್ಪಿರಲಿಲ್ಲ. ಆ ಗಿರಣಿ ನಿಜವಾಗಿಯೂ ಸೊಟ್ಟಗಿದೆ. ಹೋದ ವರ್ಷ ನಾನೇ ಹೊಸ ಯಂತ್ರದಲ್ಲಿ ಅಳೆದೆ. ಆ ಸೊಟ್ಟವನ್ನು ಮಿಲಿಮೀಟರ್ ಲೆಕ್ಕದಲ್ಲಿ ಹಿಡಿದದ್ದು ಅವರ ಆ ಮಂಜು ಕಣ್ಣು. ಅದನ್ನೇ ಹೇಳಿದೆ. ಅವರು ತಲೆಯಾಡಿಸಿದರು. "ನೀನು ಒಳ್ಳೆಯವನು, ಹಾಗೇ ಅಂತೀಯ."

ಮೇಜಿನ ಮೇಲೆ ಚೀಟಿಗಳ ಕಟ್ಟು. ಹಳದಿ ಬಣ್ಣದ್ದು. ತಾವೇ ಕತ್ತರಿಸಿಟ್ಟುಕೊಂಡಿದ್ದಾರೆ.

ಏಪ್ರಿಲ್ 8, ಮಂಗಳವಾರ

ಕೆರೆಯ ಸುತ್ತ ನಡೆಯುತ್ತಾ ಹೇಳುತ್ತಿದ್ದೇನೆ, ಉಸಿರಿನ ಸದ್ದು ಬರಬಹುದು. ಮಂಜುಗಡ್ಡೆ ದಡದಲ್ಲಿ ಬಿಟ್ಟುಕೊಂಡಿದೆ.

ಕಟ್ಟಿಗೆ. ಕಟ್ಟಿಗೆಯ ಮಾತು ಹೇಳಬೇಕು.

ಕಣಜದ ಉತ್ತರಕ್ಕೆ, ಗೋಡೆಗೆ ಒರಗಿಸಿ, ಸೂರಿನವರೆಗೆ ಕಟ್ಟಿಗೆ ಪೇರಿಸಿತ್ತು. ಆಸ್ನೆ ಪೇರಿಸಿದ್ದು. ಬರ್ಚ್ ಮರದ ಸೀಳು, ತುದಿಗಳೆಲ್ಲ ಒಂದೇ ಸಮ. ನಡುವೆ ಕಪ್ಪು ತೊಗಟೆಯ ತುಂಡುಗಳನ್ನು ಜೋಡಿಸಿ ಸೂರ್ಯನ ಆಕಾರ ಮಾಡಿದ್ದಳು, ಕಿರಣಗಳ ಸಮೇತ. ಚರ್ಚಿಗೆ ಹೋಗಿಬರುವವರು ನಿಂತು ನೋಡುತ್ತಿದ್ದರು. ಒಳಗಡೆ ಅದೇ ಗೋಡೆಗೆ ಧಾನ್ಯದ ಪೆಟ್ಟಿಗೆಗಳು, ನೆಲದಿಂದ ಅಟ್ಟದವರೆಗೆ. ಹೊರಗಿಂದಲೂ ಕಾಣದು, ಒಳಗಿಂದಲೂ ಕಾಣದು.

ಆ ಜುಲೈ ವಾರದ ಗುರುವಾರ ಮೇಷ್ಟ್ರ ವಸಡು ಬಾತುಕೊಂಡಿತು. ಪಟ್ಟಣಕ್ಕೆ ಹೊರಟರು. ಕಾರಿನ ಕಿಟಕಿಯಿಂದ ಹೇಳಿದರು: "ಕಟ್ಟಿಗೆ ಇಳಿಸು, ಗೋಡೆ ಅಳೆ, ಮತ್ತೆ ಹಾಗೇ ಪೇರಿಸು. ಆಸ್ನೆ ಹತ್ರ ಕೇಳಿದೀನಿ, ಆಗ್ಲಿ ಅಂದಿದಾಳೆ."

ಇಷ್ಟು ವರ್ಷ ನನಗೆ ನಾನು ಹೇಳಿಕೊಂಡು ಬಂದದ್ದೇನೆಂದರೆ, ಅಷ್ಟು ಚೆಂದದ ರಾಶಿ ಕೆಡವಲು ಮನಸ್ಸು ಬರಲಿಲ್ಲ ಅಂತ. ಮನೆಯ ಮರ್ಯಾದೆ ಅನ್ನಿಸುವ ಕಟ್ಟಿಗೆ ರಾಶಿಗೆ ಕೈ ಹಚ್ಚುವುದು ಸಣ್ಣ ಮಾತೇ? ಯಾರಿಗೆ ಹೇಳಿದರೂ ಒಪ್ಪುತ್ತಾರೆ ಇಲ್ಲಿ. ಅದು ಸುಳ್ಳೂ ಅಲ್ಲ. ಆದರೆ ಅವಳು ಆಗಲಿ ಅಂದಿದ್ದಳು. ಶುಕ್ರವಾರ ಬಿಸಿಲಿತ್ತು. ಗೆಳೆಯರು ಕೆರೆಗೆ ದೋಣಿ ಇಳಿಸುವವರಿದ್ದರು. ಕಟ್ಟಿಗೆ ಇಳಿಸಿ ಪೇರಿಸಲು ಒಂದು ದಿನ ಬೇಕು, ನಾನು ಹತ್ತು ನಿಮಿಷ ತೆಗೆದುಕೊಂಡೆ. ದಕ್ಷಿಣ ಗೋಡೆಯ ಅಂಕಿಗಳನ್ನು ಒಂದು ಚೀಟಿಗೆ ಇಳಿಸಿದೆ. ಆಮೇಲೆ… ಇದನ್ನು ಹೇಳಲೇಬೇಕು. ಆಮೇಲೆ ಅಂಕಿಗಳನ್ನು ಸ್ವಲ್ಪ ಸ್ವಲ್ಪ ಬದಲಿಸಿದೆ. ಮೂರು ನಲವತ್ತೆರಡಿದ್ದದ್ದನ್ನು ಮೂರು ನಲವತ್ತನಾಲ್ಕು ಮಾಡಿದೆ. ಗಾಳಿಕಿಂಡಿಯನ್ನು ಒಂದು ಸೆಂಟಿಮೀಟರ್ ಕೆಳಗೆ ತಂದೆ. ಯಾವ ಎರಡು ಗೋಡೆಯೂ ತದ್ರೂಪು ಇರುವುದಿಲ್ಲ, ತದ್ರೂಪು ಅಳತೆ ಕಂಡರೆ ಅಳೆದವನನ್ನು ಅನುಮಾನಿಸು ಅಂತ ಮೇಷ್ಟ್ರೇ ಕಲಿಸಿದ್ದು. ಕಲಿತದ್ದನ್ನೇ ಬಳಸಿದೆ.

ಭಾನುವಾರ ಅವರು ಬಂದರು. ಕೆನ್ನೆ ಇನ್ನೂ ಊದಿತ್ತು. ನನ್ನ ಚೀಟಿ ನೋಡಿ ತಮ್ಮ ಪುಸ್ತಕಕ್ಕೆ ಬರೆದುಕೊಂಡರು, ಚೀಟಿ ಒಲೆಗೆ ಹೋಯಿತು. "ಕಟ್ಟಿಗೆ ಚೆನ್ನಾಗಿ ಪೇರಿಸಿದೀಯ ಕಣೋ" ಅಂದರು. "ಮುಟ್ಟಿದ್ದೇ ಗೊತ್ತಾಗಲ್ಲ."

ಬಾತುಕೋಳಿಗಳು ಬಂದಿವೆ. ತಣ್ಣಗಿದೆ. ಕೈ ನೋಯುತ್ತಿದೆ, ಮನೆಗೆ ಹೋಗುತ್ತೇನೆ.

ಏಪ್ರಿಲ್ 10, ಗುರುವಾರ

ಬೆಳಿಗ್ಗೆ ಟೋರುನ್‌ಗೆ ಹೇಳಿದೆ. ಅವಳು ಬಹಳ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದಳು. "ಮೊದಲ ವರದಿಯಲ್ಲೂ ಗೊತ್ತಿದ್ದೇ ಬರ್ಸಿದ್ಯಾ?" ಹೌದು ಅಂದೆ. "ಹಾಗಾದ್ರೆ ಹಳದಿ ಚೀಟಿ ಅವರ ಹಾಳೆಗಳಿಗೆ ಅಲ್ಲ. ನಿನ್ನ ಹೆಸರಲ್ಲಿ ಎಷ್ಟಿವೆ?" ಇನ್ನೂರ ಆರು. "ಎಲ್ಲಕ್ಕೂ" ಅಂದಳು. "ಒಂದೊಂದನ್ನೂ ಬೇರೆಯವರು ಮತ್ತೆ ಅಳೆದ ಮೇಲೇ ತೆಗೆಯೋದು. ನಾನು ಬೇರೆ ಏನೂ ಮಾಡೋಕಾಗಲ್ಲ ಹಾಲ್ವಾರ್." ಮಾಡಲೂ ಬಾರದು.

ಮಧ್ಯಾಹ್ನ ಮೇಷ್ಟ್ರ ಹತ್ತಿರ. ನಿಂತುಕೊಂಡೇ ಹೇಳಿದೆ. ಕಟ್ಟಿಗೆ, ದೋಣಿ, ಚೀಟಿ. ಅವರ ಕೈಯಲ್ಲಿ ಭೂತಗನ್ನಡಿ ಹಾಗೇ ಇತ್ತು. ಅದರೊಳಗೆ ಅವರ ಹೆಬ್ಬೆರಳು ದೊಡ್ಡದಾಗಿ ಕಾಣುತ್ತಿತ್ತು.

"ಎರಡು ಸೆಂಟಿಮೀಟರ್ ಯಾಕೆ ಬದಲಿಸ್ದೆ?"

"ನೀವು ಹಿಡಿದುಬಿಡ್ತೀರ ಅಂತ."

"ಹೂಂ." ಭೂತಗನ್ನಡಿಯನ್ನು ಮೇಜಿನ ಮೇಲಿಟ್ಟರು. "ನಾನು ನಿನ್ನ ಕಟ್ಟಿಗೆ ಹೊಗಳಿದ್ದೆ."

"ಹೌದು."

"ಹೊರಗೆ ಹೋಗು."

ಹೋದೆ. ಹೊರಗಿನ ಪಡಸಾಲೆಯಲ್ಲಿ ಬೆಂಚಿನ ಮೇಲೆ ಕೂತೆ. ಒಬ್ಬ ಅಜ್ಜಿ ಬಂದು, ನೀನು ಯಾರ ಮಗ ಅಂತ ಕೇಳಿದಳು. ಗಡಿಯಾರದಲ್ಲಿ ನಲವತ್ತು ನಿಮಿಷ ಹೋಯಿತು. ಆಮೇಲೆ ಒಳಗಿಂದ ಆ ಹಳೆಯ ದನಿ, ಮಾಳಿಗೆಯ ಮೇಲಿಂದ ಕೆಳಗಿನವನಿಗೆ ಅಂಕಿ ಕೂಗಿ ಹೇಳುವ ದನಿ: "ಹುಡುಗಾ!"

ಬಾಗಿಲಲ್ಲಿ ನಿಂತೆ. ಅವರು ನನ್ನತ್ತ ತಿರುಗಲಿಲ್ಲ. ಕಿಟಕಿಗೆ ಹೇಳುತ್ತಿರುವವರ ಹಾಗೆ ಹೇಳಿದರು: "ಅಂದ್ರೆ ಆ ಗೋಡೆ ಇನ್ನೂ ಅಳೆದೇ ಇಲ್ಲ."

"ಇಲ್ಲ ಮೇಷ್ಟ್ರೇ."

"ಕೆಲ್ಸ ಬಾಕಿ ಇದೆ ಅಂತಾಯ್ತು. ಆ ಬಡಗಿ ಹೆಂಗಸಿಗೆ ಹೇಳು, ನಾವು ಬರೋ ತನಕ ಗರಗಸ ಮುಟ್ಬಾರ್ದು."

ನರ್ಸ್ ತಟ್ಟೆಯಗಲದ ಎರಡು ವಾಫಲ್ ತಂದಳು, ಜಾಮು ಹಾಕಿ. ಅವರು ನನಗೆ ಒಂದೂ ಕೊಡಲಿಲ್ಲ. ಎರಡೂ ತಿಂದರು.

ಏಪ್ರಿಲ್ 15, ಮಂಗಳವಾರ

ಹೌಗ್‌ಲಿಯಿಂದ. ಗಾಳಿ ಇದೆ, ಕೇಳಿಸುತ್ತದೋ ಇಲ್ಲವೋ. ಪ್ಲಾಸ್ಟರ್ ಇನ್ನು ಒಂದು ವಾರವಿದೆ.

ಹೊಸ ವರದಿಯನ್ನು ನಿನ್ನೆ ಸಂಜೆ ಬಸ್ ನಿಲ್ದಾಣದಲ್ಲೇ ಹೇಳಿ ಕಳಿಸಿದೆ. "ಉತ್ತರದ ಗೋಡೆಯನ್ನು ನಾನು ಅಳೆದಿರಲಿಲ್ಲ. ಅಂಕಿಗಳನ್ನು ನಾನು ಕಟ್ಟಿ ಬರೆದೆ. ಸಿಗ್ವಾಟ್ ಅವರು ನನ್ನನ್ನು ನಂಬಿದರು." ಒಂದೇ ಸಲಕ್ಕೆ ಮುಗಿಯಿತು. ಚಿಕ್ಕದಲ್ಲವೇ, ಅದಕ್ಕಿರಬೇಕು.

ನನ್ನ ಹಾಳೆಗಳಿಗೆ ಹಳದಿ ಚೀಟಿ ನಾನೇ ಎಡಗೈಯಲ್ಲಿ ಅಂಟಿಸುತ್ತಿದ್ದೇನೆ. ನಿನ್ನೆಗೆ ಅರವತ್ತು ಆಯಿತು. ಮೇಷ್ಟ್ರು ಕತ್ತರಿಸಿಟ್ಟಿದ್ದ ಕಟ್ಟನ್ನೇ ಕೊಟ್ಟರು. "ಹಾಳಾಗೋದು ಬೇಡ" ಅಂದರು.

ಬರುವಾಗ ಕಾರಿನಲ್ಲಿ ಒಂದೂವರೆ ಗಂಟೆ ಹಿಡಿಯಿತು. ಅವರ ಮಗಳು ಕಾರು ಓಡಿಸುತ್ತಿದ್ದಳು, ರೇಡಿಯೋ ಹಾಕಿದರೆ ಅವರು ಆರಿಸಿದರು. ಇಲ್ಲಿ ಇಳಿದ ಮೇಲೆ ಊರುಗೋಲು ಹಿಡಿದುಕೊಂಡು ಎದ್ದಿರುವ ಮೂರು ಗೋಡೆಗಳನ್ನು ಸುತ್ತಿ ಬಂದರು. ಮೂಲೆಯಲ್ಲಿ ದಿಮ್ಮಿಗಳು ಕೂಡುವ ಕಚ್ಚುಗಳಿಗೆ ಉಗುರು ಹಾಕಿ ನೋಡಿದರು. ಗುನ್ವೋರ್ ಟೋಪಿ ತೆಗೆದು ನಿಂತಿದ್ದಳು, ಪರೀಕ್ಷೆಗೆ ಕೂತವಳ ಹಾಗೆ.

"ಯಾರ ಹತ್ರ ಕಲಿತೆ?"

"ಅಪ್ಪನ ಹತ್ರ."

"ನಿಮ್ಮಪ್ಪ ಅವಸರದವನಲ್ಲ."

ಗುನ್ವೋರ್ ಕಿವಿಯವರೆಗೆ ಕೆಂಪಾದಳು. ಆಮೇಲೆ ನನ್ನ ಹತ್ತಿರ ಬಂದು, "ನಿಂಗೆ ಬೈಯೋಕೆ ಒಂದು ವಾರದಿಂದ ಮಾತು ಕೂಡಿಡ್ತಿದ್ದೆ. ಆ ಮುದುಕಪ್ಪನ ಮುಂದೆ ಬಾಯಿ ಬರ್ತಿಲ್ಲ" ಅಂದಳು. "ಆಮೇಲೆ ಬೈತೀನಿ."

"ಆಗ್ಲಿ."

"ಕಲ್ಲಿಂದ ಬಾಗಿಲಿನ ಅಗಲ ಸಿಗುತ್ತೆ. ಎತ್ತರ ಯಾರನ್ನ ಕೇಳ್ಲಿ?"

ಅದಕ್ಕೆ ಮೇಷ್ಟ್ರೇ ಉತ್ತರ ಕೊಟ್ಟರು, ಕಿವಿ ಇನ್ನೂ ಚುರುಕಾಗಿದೆ: "ಎತ್ತರ ಗೊತ್ತಿಲ್ಲ. ಹಾಳೆಯಲ್ಲಿ ಚುಕ್ಕೆ ಹಾಕ್ತೀವಿ. ನೀನು ಎಷ್ಟಾದ್ರೂ ಇಟ್ಕೋ, ಆದ್ರೆ ಹೊಸ ಮರ ಹೊಸದು ಅಂತ ಕಾಣ್ಬೇಕು. ನೂರು ವರ್ಷ ಆದ್ಮೇಲೆ ಬಂದವನಿಗೂ ಇದು ಊಹೆ ಅಂತ ಗೊತ್ತಾಗ್ಬೇಕು."

ಈಗ ಅವರು ಮಡಿಸುವ ಕುರ್ಚಿ ಹಾಕಿಕೊಂಡು ಪಶ್ಚಿಮದ ಮೂಲೆಯಲ್ಲಿ, ಆ ಸುಟ್ಟ ದಿಮ್ಮಿಯ ತಲೆಯ ಹತ್ತಿರ ಕೂತಿದ್ದಾರೆ. ಟೇಪಿನ ಸೊನ್ನೆಯ ತುದಿಯನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದಿದ್ದಾರೆ. ಅದು ಟೇಪು ಹಿಡಿಯುವವನ ಜಾಗ. ಪುಸ್ತಕವನ್ನು ನನ್ನ ಕಡೆ ತಳ್ಳಿದರು, ಎಡಗೈಯಲ್ಲಾದರೂ ಬರಿ ಅಂತ. ಹೊಸ ಹಾಳೆಯ ತಲೆಯಲ್ಲಿ ನಾನು ಅವರ ಹೆಸರು ಬರೆಯಲು ಹೋದೆ. ಅವರು ಅದನ್ನು ಹೊಡೆದುಹಾಕಿ ನನ್ನದನ್ನು ಬರೆಸಿದರು. ತಮ್ಮ ಎರಡು ಅಕ್ಷರಗಳನ್ನು ಕೆಳಗಿನ ಮೂಲೆಯಲ್ಲಿ ತಾವೇ ಬರೆದರು. ಅದಕ್ಕೇ ಐದು ನಿಮಿಷ ಈಚೆ ಬಂದೆ. ಗಾಳಿಗೆ ಕಣ್ಣಲ್ಲಿ ನೀರು ಬರುತ್ತದೆ ಈ ದಿಬ್ಬದ ಮೇಲೆ. ಆಸ್ನೆಯ ಕಟ್ಟಿಗೆ ಇದ್ದ ಜಾಗ ಇದು, ಇಲ್ಲೀಗ ಬರೀ…

"ಹುಡುಗಾ! ಮಾತಾಡಿದ್ದು ಸಾಕು! ಸೊನ್ನೆ ಇಲ್ಲಿದೆ, ಆ ತುದಿ ಯಾರು ಹಿಡೀತಾರೆ?"

ಬಂದೆ ಮೇಷ್ಟ್ರೇ. ಕರೀತಿದ್ದಾರೆ, ಇಡುತ್ತೇನೆ.